ಅರಗಿನಲ್ಲಿ ಉಳಿದ ದನಿ

ಕಲ್ಕತ್ತೆಯಲ್ಲಿ 1902ರ ನವೆಂಬರಿನಲ್ಲಿ ಗೌಹರ್ ಜಾನ್ ಅವರ ಗಾಯನ ಗ್ರಾಮಫೋನ್ ತಟ್ಟೆಗಾಗಿ ಮುದ್ರಣಗೊಂಡಿತು. ಎರಡು ವರ್ಷ ಕಳೆದು, 1904ರಲ್ಲಿ, ತಮಿಳು ನಾಡಿನ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಎಂಬ ಬೃಹತ್ತಾದ ತೆಲುಗು ಗ್ರಂಥ ಅಚ್ಚಾಗಿ ಹೊರಬಂದಿತು. ಮೊದಲನೆಯದು ದನಿಯನ್ನು ಹಿಡಿದಿಟ್ಟಿತು, ಆದರೆ ತಟ್ಟೆಯ ನಡುವಿನ ಅಂಗೈಯಗಲದ ಲೇಬಲ್ಲಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚಿನ ವಿವರವನ್ನು ಕೊಡಲಿಲ್ಲ. ಎರಡನೆಯದು ರಾಗಲಕ್ಷಣ, ಸ್ವರಪ್ರಸ್ತಾರ, ಗಮಕದ ಗುರುತು, ವಾಗ್ಗೇಯಕಾರರ ಚರಿತ್ರೆ ಇವೆಲ್ಲವನ್ನೂ ಸಾವಿರಕ್ಕೂ ಮಿಕ್ಕ ಪುಟಗಳಲ್ಲಿ ವಿವರಿಸಿತು, ಆದರೆ ಅದರ ಒಂದು ಸ್ವರವೂ ಕಿವಿಗೆ ಕೇಳುವಂತಿರಲಿಲ್ಲ. ನಮ್ಮ ಸಂಗೀತದ ದಾಖಲೆಗಳು ಅಂದಿನಿಂದ ಬಹುಮಟ್ಟಿಗೆ ಹೀಗೆ ಎರಡು ಹೋಳಾಗಿಯೇ ಉಳಿದುಬಂದಿವೆ: ಬರಹ ಗ್ರಂಥಾಲಯಗಳ ಕಪಾಟಿನಲ್ಲಿ, ದನಿ ಸಂಗ್ರಾಹಕರ ಮನೆಯ ಅಟ್ಟದಲ್ಲಿ. ಹಳೆಯ ಹಸ್ತಪ್ರತಿಗಳನ್ನೂ ಧ್ವನಿಮುದ್ರಿಕೆಗಳನ್ನೂ ಡಿಜಿಟಲ್ ರೂಪಕ್ಕೆ ತಂದು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ಕೆಲಸದ ಬೆಲೆ ಈ ಎರಡು ಹೋಳುಗಳನ್ನು ಒಂದೆಡೆ ಕೂಡಿಸುವುದರಲ್ಲಿದೆ. ಅದನ್ನು ಬರಿಯ ನಕಲು ತೆಗೆಯುವ ಕೆಲಸವೆಂದು ಭಾವಿಸಿದಲ್ಲೆಲ್ಲ ಆ ಕೆಲಸ ಅರ್ಧಕ್ಕೆ ನಿಂತಿದೆ.

ಡಿಜಿಟಲೀಕರಣವೆಂದರೆ ವಸ್ತುವೊಂದರ ರೂಪವನ್ನೋ ದನಿಯನ್ನೋ ಅಂಕಿಗಳ ಸಾಲಾಗಿ ಪರಿವರ್ತಿಸಿ ಗಣಕದಲ್ಲಿ ಇರಿಸುವ ಕ್ರಿಯೆ. ಓಲೆಗರಿಯಾದರೆ ಅದರ ಛಾಯಾಚಿತ್ರ ಲಕ್ಷಾಂತರ ಚುಕ್ಕೆಗಳಾಗಿ ಒಡೆದು ಪ್ರತಿ ಚುಕ್ಕೆಯ ಬಣ್ಣಕ್ಕೂ ಒಂದು ಅಂಕಿ ದೊರೆಯುತ್ತದೆ; ದನಿಯಾದರೆ ಗಾಳಿಯ ಕಂಪನದ ಎತ್ತರವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅಳೆದು ಆ ಅಳತೆಗಳನ್ನು ಕೂಡಿಡಲಾಗುತ್ತದೆ. ಹೀಗೆ ಅಂಕಿಯಾದ ಮೇಲೆ ಎಷ್ಟು ಬಾರಿ ಪ್ರತಿ ತೆಗೆದರೂ ಮೊದಲಿನದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಬರುವುದಿಲ್ಲ, ಮೂಲವನ್ನು ಮತ್ತೆ ಮತ್ತೆ ಮುಟ್ಟಿ ಸವೆಸಬೇಕಾಗಿಯೂ ಇಲ್ಲ. ತಾಂತ್ರಿಕವಾಗಿ ಇದಿಷ್ಟೇ. ಕಷ್ಟವಿರುವುದು ಏನನ್ನು ಅಳೆಯಬೇಕು, ಅಳೆದದ್ದನ್ನು ಯಾವ ಹೆಸರಿನಲ್ಲಿ ಇಡಬೇಕು ಎಂಬಲ್ಲಿ.

ಬರಹ ಮತ್ತು ದನಿ ಬೇರೆಯಾದುದರಿಂದ ಆದ ನಷ್ಟಕ್ಕೆ ಕನ್ನಡ ನಾಡಿನ ಮಟ್ಟಿಗೆ ದೊಡ್ಡ ಸಾಕ್ಷಿ ಹರಿದಾಸರ ಪದಗಳು. ದಾಸಸಾಹಿತ್ಯದ ಓಲೆಗರಿಗಳಲ್ಲಿಯೂ ಕಾಗದದ ಹಸ್ತಪ್ರತಿಗಳಲ್ಲಿಯೂ ಪದದ ನೆತ್ತಿಯ ಮೇಲೆ ರಾಗ ಮತ್ತು ತಾಳದ ಹೆಸರುಗಳಿರುತ್ತವೆ, ಕೊನೆಯಲ್ಲಿ ಅಂಕಿತವಿರುತ್ತದೆ, ಆದರೆ ನಡುವೆ ಸ್ವರವಿರುವುದಿಲ್ಲ. ಒಂದು ಪ್ರತಿಯಲ್ಲಿ ಕಾಣುವ ರಾಗ ಮತ್ತೊಂದು ಪ್ರತಿಯಲ್ಲಿ ಬೇರೆಯಾಗಿರುವುದೂ ಉಂಟು. ಇಂದು ಕಛೇರಿಯ ಕೊನೆಯಲ್ಲಿ ಕೇಳಿಬರುವ ದೇವರನಾಮಗಳ ಧಾಟಿಗಳಲ್ಲಿ ಹೆಚ್ಚಿನವು ಈಚಿನ ತಲೆಮಾರುಗಳ ವಿದ್ವಾಂಸರು ಕೂಡಿಸಿದವೇ ಹೊರತು ಪುರಂದರದಾಸರ ಕಾಲದವಲ್ಲ. ಇದಕ್ಕೆ ಅಪರೂಪದ ಅಪವಾದವೊಂದಿದೆ, ಮತ್ತು ಅದು ದೊರೆಯುವುದು ಕರ್ನಾಟಕದ ಹೊರಗೆ. ತಂಜಾವೂರಿನ ಸರಸ್ವತೀ ಮಹಲ್ ಗ್ರಂಥಾಲಯದಲ್ಲಿ, 1684ರಿಂದ 1712ರವರೆಗೆ ಆಳಿದ ಮರಾಠಾ ದೊರೆ ಶಹಾಜಿಯ ಕಾಲದ ಸಂಗೀತದ ಹಸ್ತಪ್ರತಿಗಳಲ್ಲಿ, ಆಲಾಪ, ಠಾಯ, ಗೀತ, ಪ್ರಬಂಧಗಳ ಜೊತೆಗೆ ಕೆಲವು ಸುಳಾದಿಗಳ ಸ್ವರಲಿಪಿಯೂ ಇದೆ. ಒಂದೇ ರಚನೆಯೊಳಗೆ ಖಂಡದಿಂದ ಖಂಡಕ್ಕೆ ತಾಳ ಬದಲಾಗುತ್ತ ಸಾಗುವ ಸುಳಾದಿ ಹರಿದಾಸರು ಬೆಳೆಸಿದ ಪ್ರಕಾರ. ಅದರ ಸಾಹಿತ್ಯ ಕರ್ನಾಟಕದ ಮಠಮನೆಗಳ ಕಡತಗಳಲ್ಲಿ, ಅದರ ಸ್ವರ ಕಾವೇರಿಯ ಕೆಳದಂಡೆಯ ಅರಮನೆಯ ಭಂಡಾರದಲ್ಲಿ. ಇವೆರಡನ್ನೂ ಒಬ್ಬ ವಿದ್ಯಾರ್ಥಿ ಒಂದೇ ಮೇಜಿನ ಮೇಲೆ ಇರಿಸಿಕೊಂಡು ಓದಬೇಕೆಂದರೆ ಹಿಂದೆ ಅದಕ್ಕೆ ಅರ್ಧ ಆಯುಷ್ಯವೇ ಬೇಕಾಗುತ್ತಿತ್ತು.

ತ್ಯಾಗರಾಜರ ಕೃತಿಗಳ ಸ್ಥಿತಿಯೂ ಇದಕ್ಕೆ ಹತ್ತಿರದ್ದೇ. ಅವರ ಶಿಷ್ಯ ವಾಲಾಜಾಪೇಟೆಯ ವೆಂಕಟರಮಣ ಭಾಗವತರೂ ಅವರ ಮಗ ಕೃಷ್ಣಸ್ವಾಮಿ ಭಾಗವತರೂ ಬರೆದಿಟ್ಟ ಓಲೆಗರಿ ಮತ್ತು ಕಾಗದದ ಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಯಲ್ಲಿವೆ. ಅದೇ ಶಿಷ್ಯಪರಂಪರೆಯ ಪಾಠವನ್ನು ಕೃಷ್ಣಸ್ವಾಮಿ ಭಾಗವತರಿಂದ ಕೇಳಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪಾಶ್ಚಾತ್ಯರ ಐದು ಗೆರೆಗಳ ಸ್ವರಲಿಪಿಯಲ್ಲಿ ಬರೆದುಕೊಂಡವರು ಮದರಾಸಿನ ಚಿನ್ನಸ್ವಾಮಿ ಮೊದಲಿಯಾರರು. ಒಂದು ಕೃತಿಯ ಸಂಗತಿ ಶಿಷ್ಯನ ಕೈಬರಹದಲ್ಲಿ ಹೇಗಿತ್ತು, ಅಚ್ಚಾದಾಗ ಹೇಗಾಯಿತು, ಮುಂದೆ ಗ್ರಾಮಫೋನಿನಲ್ಲಿ ಹೇಗೆ ಕೇಳಿಸಿತು ಎಂಬುದನ್ನು ಅನುಕ್ರಮವಾಗಿ ನೋಡುವುದು ಸಂಗೀತ ಚರಿತ್ರೆಯ ಬಹುಮುಖ್ಯ ಪ್ರಶ್ನೆಗಳಲ್ಲಿ ಒಂದು. ಚಿತ್ರಗಳನ್ನು ಹಂಚಿಕೊಳ್ಳಲು ಜಗತ್ತಿನ ಅನೇಕ ಗ್ರಂಥಾಲಯಗಳು ಒಪ್ಪಿಕೊಂಡಿರುವ ಐಐಐಎಫ್ ಎಂಬ ಸಾಮಾನ್ಯ ನಿಯಮಾವಳಿ ಇದಕ್ಕೆ ದಾರಿ ಮಾಡಿದೆ: ಅದನ್ನು ಪಾಲಿಸುವ ಗ್ರಂಥಾಲಯಗಳ ಹಸ್ತಪ್ರತಿಗಳು ಎಲ್ಲೇ ಇರಲಿ, ಅವುಗಳ ಪುಟಗಳನ್ನು ಓದುಗನು ತನ್ನ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ತೆರೆದುಕೊಳ್ಳಬಹುದು. ಒಂದೊಂದು ಸಂಸ್ಥೆಯೂ ತನ್ನದೇ ಬೀಗ, ತನ್ನದೇ ಕೀಲಿ ಎಂಬಂತೆ ಚಿತ್ರಗಳನ್ನು ಸಿ.ಡಿ.ಗಳಲ್ಲಿ ತುಂಬಿಟ್ಟುಕೊಳ್ಳುವ ಪದ್ಧತಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಹೆಜ್ಜೆ.

ಓಲೆಗರಿಯ ಚಿತ್ರ ತೆಗೆಯುವುದು ಕ್ಯಾಮೆರಾದ ಗುಂಡಿ ಒತ್ತುವಷ್ಟು ಸುಲಭವಲ್ಲ. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರದಲ್ಲಿ ಮಸಿಯಿರುವುದಿಲ್ಲವಾದ್ದರಿಂದ, ಧೂಳು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ ಗರಿಯನ್ನು ಮೆದುವಾಗಿಸಿ, ಕಾಡಿಗೆಯಂಥ ಕಪ್ಪನ್ನು ಲೇಪಿಸಿ ಒರೆಸಿದ ಮೇಲಷ್ಟೇ ಗೀರುಗಳು ಕಣ್ಣಿಗೆ ಕಾಣುತ್ತವೆ. ಯಾವ ಗರಿ ಮೊದಲು, ಯಾವುದು ನಂತರ ಎಂಬುದು ಅಂಚಿನಲ್ಲಿ ಬರೆದ ಕನ್ನಡ ಅಂಕಿಗಳಿಂದ ತಿಳಿಯಬೇಕು; ಅಂಚು ಮುರಿದಿದ್ದರೆ ಸಾಹಿತ್ಯ ಬಲ್ಲವರು ಪಕ್ಕದಲ್ಲಿರಬೇಕು. ಯೂರೋಪಿನ ಮಧ್ಯಯುಗದ ಸಂಗೀತದ ಹಸ್ತಪ್ರತಿಗಳಿಗಾಗಿ 1998ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಡಿಯಾಮ್’ ಎಂಬ ಚಿತ್ರಸಂಗ್ರಹ ಈ ಕ್ಷೇತ್ರದಲ್ಲಿ ಒಂದು ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿತು. ಹಳೆಯ ಚರ್ಮದ ಹಾಳೆಗಳನ್ನು ಹರಿದು ಬೇರೆ ಪುಸ್ತಕಗಳ ರಟ್ಟಿಗೆ ಅಂಟಿಸಿದ್ದರಿಂದ ಮಸುಕಾದ, ಕೆರೆದು ಅಳಿಸಿದ ಸ್ವರಗಳನ್ನು ಮತ್ತೆ ಓದುವಂತೆ ಮಾಡುವ ತಿದ್ದುಗೆಲಸವನ್ನೆಲ್ಲ ಅಲ್ಲಿ ಡಿಜಿಟಲ್ ಚಿತ್ರದ ಮೇಲೆಯೇ ನಡೆಸಲಾಯಿತು, ಮೂಲಹಾಳೆಗೆ ಯಾವ ರಾಸಾಯನಿಕವನ್ನೂ ಸೋಕಿಸಲಿಲ್ಲ. ಭಾರತದಲ್ಲಿ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಒಳಗೊಳ್ಳುವ ಜ್ಞಾನಭಾರತಂ ಯೋಜನೆಯನ್ನು ಪ್ರಕಟಿಸಲಾಯಿತು. ಅಂಥ ಮಹಾಸಂಖ್ಯೆಯ ನಡುವೆ ಸ್ವರ ಬರೆದ ಕೆಲವೇ ಗರಿಗಳು ‘ಇತರೆ’ ಎಂಬ ತಲೆಬರಹದ ಕೆಳಗೆ ಹೂತುಹೋಗದಂತೆ ನೋಡಿಕೊಳ್ಳಲು ಸಂಗೀತ ಬಲ್ಲ ಸೂಚಿಕಾರರು ಬೇಕು.

ಇನ್ನು ದನಿಯ ಮಾತು. ಹಳೆಯ ಗ್ರಾಮಫೋನ್ ತಟ್ಟೆಯನ್ನು ಕಟ್ಟಿಹಿಡಿದ ಅಂಟು ಅರಗು. ಮಹಾಭಾರತದಲ್ಲಿ ಪಾಂಡವರಿಗಾಗಿ ಕಟ್ಟಿದ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಮರದ ಕೊಂಬೆಗಳ ಮೇಲೆ ಕೀಟವೊಂದು ಸ್ರವಿಸುವ ಈ ರಾಳವನ್ನು ಶುದ್ಧಿ ಮಾಡಿ, ಅದಕ್ಕೆ ನುಣುಪಾದ ಕಲ್ಲಿನ ಪುಡಿ, ಇದ್ದಿಲ ಕಪ್ಪು ಮತ್ತು ನಾರನ್ನು ಬೆರೆಸಿ, ಕಾಯಿಸಿ, ಲೋಹದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧವಾಗುತ್ತಿತ್ತು. ಜಗತ್ತಿಗೆಲ್ಲ ಬೇಕಾದ ಅರಗಿನ ಬಹುಭಾಗ ಭಾರತದ ಕಾಡುಗಳಿಂದ ಹೋಗುತ್ತಿತ್ತು, ಆದರೆ ಮೊದಲ ವರ್ಷಗಳಲ್ಲಿ ಭಾರತದ ಹಾಡು ತಟ್ಟೆಯಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದದ್ದು 1908ರಲ್ಲಿ. ಗೌಹರ್ ಜಾನ್ ಅವರ ಅನೇಕ ಮುದ್ರಿಕೆಗಳ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಕೇಳುತ್ತದೆ. ಅದು ಸಾವಿರಾರು ಮೈಲಿ ದೂರದ ಕಾರ್ಖಾನೆಯಲ್ಲಿ, ಹಾಡಿನ ಭಾಷೆಯನ್ನೇ ಅರಿಯದ ಕೆಲಸಗಾರರು ಯಾವ ಅಚ್ಚು ಯಾರದೆಂದು ಗುರುತಿಸಿ ಲೇಬಲ್ಲು ಹಚ್ಚಲೆಂದು ಮಾಡಿಕೊಂಡಿದ್ದ ಏರ್ಪಾಡು. ದನಿಯ ದಾಖಲೆಗೆ ವಿವರದ ದಾಖಲೆ ಅಂಟಿಕೊಂಡೇ ಇರಬೇಕೆಂಬ ಅರಿವು ಹೀಗೆ ಮೊದಲ ದಿನದಿಂದಲೇ ಇತ್ತು. ಈ ಮಹಾಗಾಯಕಿಯ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ: ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು, 1930ರ ಜನವರಿ 17ರಂದು ಅವರು ಅಲ್ಲಿಯೇ ತೀರಿಕೊಂಡರು. ಅವರ ಚರಿತ್ರೆಯನ್ನು ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಅವರೇ ಮುಂದೆ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಚಿತವಾಗಿ ಕೇಳಿಸುವ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಸ್ಥೆಯನ್ನು ಕಟ್ಟಿದರು.

ಅರಗಿನ ತಟ್ಟೆಯನ್ನು ಅಂಕಿಗಳಿಗೆ ಇಳಿಸುವವನು ಮೊದಲು ತೊಳೆಯುವುದನ್ನು ಕಲಿಯಬೇಕು. ಸ್ಪಿರಿಟ್ಟು ಅರಗನ್ನು ಕರಗಿಸಿಬಿಡುತ್ತದೆಯಾದ್ದರಿಂದ ಅದನ್ನು ಬಳಸುವಂತಿಲ್ಲ. ಬಟ್ಟಿ ಇಳಿಸಿದ ನೀರು, ಹದವಾದ ಮಾರ್ಜಕ, ಮೃದುವಾದ ಕುಂಚ ಇವೇ ಸಾಕು. ಆಮೇಲೆ ಮುಳ್ಳಿನ ಆಯ್ಕೆ. ಎಲ್.ಪಿ. ತಟ್ಟೆಯ ಗೀರಿಗೆ ಇಂಚಿನ ಸಾವಿರದಲ್ಲಿ ಒಂದು ಪಾಲಿಗಿಂತ ದಪ್ಪವಿಲ್ಲದ ಮುಳ್ಳು ಸಾಕಾದರೆ ಅರಗಿನ ತಟ್ಟೆಯ ಅಗಲವಾದ ಗೀರಿಗೆ ಸುಮಾರು ಮೂರು ಪಾಲು ದಪ್ಪದ್ದು ಬೇಕು, ಮತ್ತು ಬೇರೆ ಬೇರೆ ಕಂಪನಿಗಳ ಗೀರುಗಳ ಅಗಲ ಬೇರೆ ಬೇರೆ. ಹಿಂದಿನ ಉಕ್ಕಿನ ಮುಳ್ಳುಗಳು ಗೀರಿನ ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿರುತ್ತವೆಯಾದ್ದರಿಂದ, ಪರಿಣತನಾದವನು ಹಲವು ಅಳತೆಯ ಮುಳ್ಳುಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿ, ಸವೆಯದೆ ಉಳಿದ ಎತ್ತರದಲ್ಲಿ ಓಡುವ ಮುಳ್ಳನ್ನು ಹುಡುಕುತ್ತಾನೆ. ಸರಿಯಾದ ಮುಳ್ಳು ಸಿಕ್ಕಾಗ ಅರ್ಧಕ್ಕರ್ಧ ಗರಗರ ತಾನಾಗಿಯೇ ಅಡಗಿ ದನಿ ಮುಂದೆ ಬರುತ್ತದೆ, ಯಾವ ತಂತ್ರಾಂಶವೂ ಆ ಲಾಭವನ್ನು ಆಮೇಲೆ ತಂದುಕೊಡಲಾರದು. ತಟ್ಟೆ ಒಡೆದೇ ಹೋಗಿದ್ದರೂ ಆಸೆ ಬಿಡಬೇಕಾಗಿಲ್ಲ. ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಮುಳ್ಳನ್ನು ತಾಗಿಸದೆ, ಗೀರುಗಳ ಸೂಕ್ಷ್ಮ ಚಿತ್ರ ತೆಗೆದು, ಆ ಚಿತ್ರದಿಂದಲೇ ದನಿಯನ್ನು ಲೆಕ್ಕಹಾಕಿ ಹೊರತರುವ ವಿಧಾನವನ್ನು ರೂಪಿಸಿದ್ದಾರೆ.

ವೇಗದ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದುದು, ಅದರಲ್ಲೂ ನಮ್ಮ ಸಂಗೀತಕ್ಕೆ. ಈ ತಟ್ಟೆಗಳನ್ನು ರೂಢಿಯಲ್ಲಿ 78 ಸುತ್ತಿನವೆಂದು ಕರೆದರೂ, ಆರಂಭದ ದಶಕಗಳಲ್ಲಿ ಮುದ್ರಣಯಂತ್ರದ ವೇಗ ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೂ ಏರಿಳಿಯುತ್ತಿತ್ತು. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದು ಮನೆ ಏರುತ್ತದೆ: ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ, ಲಯವೂ ಅದೇ ಪ್ರಮಾಣದಲ್ಲಿ ಓಡುತ್ತದೆ, ಗಮಕಗಳು ಇಲ್ಲದ ಚುರುಕನ್ನು ಪಡೆಯುತ್ತವೆ. ಹಿಂದಿನವರೆಲ್ಲ ಬಹಳ ಮೇಲಿನ ಶ್ರುತಿಯಲ್ಲಿ, ಬಹಳ ದ್ರುತದಲ್ಲಿ ಹಾಡುತ್ತಿದ್ದರೆಂಬ ತೀರ್ಮಾನಗಳಲ್ಲಿ ಎಷ್ಟು ಪಾಲು ಚರಿತ್ರೆ, ಎಷ್ಟು ಪಾಲು ತಿರುಗುಮಣೆಯ ತಪ್ಪು ಎಂಬುದನ್ನು ಪ್ರತಿ ತಟ್ಟೆಗೂ ಬೇರೆಯಾಗಿಯೇ ನಿರ್ಣಯಿಸಬೇಕು. ಪಕ್ಕವಾದ್ಯವಾದ ಹಾರ್ಮೋನಿಯಂ ಇದಕ್ಕೆ ಒಂದಿಷ್ಟು ನೆರವಾಗುತ್ತದೆ, ಏಕೆಂದರೆ ಅದರ ಸ್ವರಗಳು ಸ್ಥಿರ.

ತಪ್ಪು ವೇಗ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಜಗತ್ತಿನ ಅತಿ ಹಳೆಯ ಧ್ವನಿದಾಖಲೆಗಳಲ್ಲಿ ಒಂದರ ಕಥೆಯೇ ಇದೆ. ಪ್ಯಾರಿಸಿನ ಎಡ್ವರ್ಡ್-ಲಿಯೋನ್ ಸ್ಕಾಟ್ ಡ ಮಾರ್ಟಿನ್‌ವಿಲ್ 1860ರ ಏಪ್ರಿಲ್‌ನಲ್ಲಿ, ಎಡಿಸನ್ನನ ಫೋನೋಗ್ರಾಫಿಗಿಂತ ಹದಿನೇಳು ವರ್ಷ ಮೊದಲೇ, ಮಸಿ ಹಿಡಿಸಿದ ಕಾಗದದ ಮೇಲೆ ಒಂದು ಜಾನಪದ ಹಾಡಿನ ಕಂಪನವನ್ನು ಗೆರೆಯಾಗಿ ಬರೆಸಿದ್ದನು. ಅದನ್ನು ಮತ್ತೆ ಕೇಳುವ ಉದ್ದೇಶವೇ ಅವನಿಗಿರಲಿಲ್ಲ, ದನಿಯ ಆಕಾರವನ್ನು ಕಣ್ಣಿನಿಂದ ಓದಬೇಕೆಂಬುದಷ್ಟೇ ಅವನ ಹಂಬಲ. ಅಮೆರಿಕದ ಸಂಶೋಧಕರ ತಂಡವೊಂದು 2008ರಲ್ಲಿ ಆ ಕಾಗದದ ಚಿತ್ರದಿಂದ ದನಿಯನ್ನು ಹೊರತೆಗೆದಾಗ ಹಾಡುವವಳು ಹುಡುಗಿಯೋ ಹೆಂಗಸೋ ಇರಬೇಕೆಂದು ಎಲ್ಲರೂ ನಂಬಿದರು. ಮರುವರ್ಷ ತಿಳಿದುಬಂದದ್ದೇ ಬೇರೆ: ಕಾಲದ ಅಳತೆಗೆಂದು ಹಾಡಿನ ಪಕ್ಕದಲ್ಲಿ ಬರೆಸಿದ್ದ ಶ್ರುತಿಕವೆಯ ಕಂಪನವನ್ನು ಎಣಿಸುವ ಅಂದಿನ ಫ್ರೆಂಚ್ ಕ್ರಮ ಇಂದಿನದಕ್ಕಿಂತ ಭಿನ್ನವಾಗಿತ್ತು, ಅಲ್ಲಿ 500 ಎಂದರೆ ಇಂದಿನ 250. ವೇಗವನ್ನು ಅರ್ಧಕ್ಕಿಳಿಸಿದಾಗ ಕೇಳಿದ್ದು ನಿಧಾನವಾಗಿ, ಅಕ್ಷರ ಅಕ್ಷರವನ್ನೂ ಎಳೆದು ಹಾಡುವ ಒಬ್ಬ ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ. ಚಿತ್ರ ತೆಗೆದದ್ದರಲ್ಲಾಗಲಿ ಗಣಿತದಲ್ಲಾಗಲಿ ದೋಷವಿರಲಿಲ್ಲ. ಒಂದು ಅಂಕಿಯ ಅರ್ಥವನ್ನು ತಿಳಿಯುವಲ್ಲಿ ತಪ್ಪಿದ್ದರಿಂದ ಒಂದು ಇಡೀ ವರ್ಷ ಜಗತ್ತು ಇಲ್ಲದ ಹುಡುಗಿಯ ಹಾಡನ್ನು ಕೇಳಿತು.

ಆದ್ದರಿಂದಲೇ ಧ್ವನಿಭಂಡಾರಗಳು ಪ್ರತಿ ತಟ್ಟೆಗೂ ಎರಡು ಬಗೆಯ ಕಡತಗಳನ್ನು ಮಾಡುತ್ತವೆ. ಒಂದು ಸಂರಕ್ಷಣಾ ಪ್ರತಿ: ಅದರಲ್ಲಿ ಗರಗರ, ಟಿಕಟಿಕ, ಗೀರಿನ ಸಪ್ಪಳ ಎಲ್ಲವೂ ಇದ್ದಂತೆಯೇ ಇರಬೇಕು. ಧ್ವನಿಭಂಡಾರಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್ಎ ಇದಕ್ಕೆ ಕನಿಷ್ಠವೆಂದರೆ ಸೆಕೆಂಡಿಗೆ 48,000 ಅಳತೆಗಳನ್ನೂ ಪ್ರತಿ ಅಳತೆಗೆ 24 ಬಿಟ್ಟಿನ ನಿಖರತೆಯನ್ನೂ ಸೂಚಿಸುತ್ತದೆ. ಅನೇಕರು 96,000 ಅಳತೆಗಳನ್ನು ಅನುಸರಿಸುತ್ತಾರೆ, ಆಗ ಎರಡು ವಾಹಿನಿಗಳ ಮೂರು ನಿಮಿಷದ ಒಂದು ಹಾಡೇ ಸುಮಾರು ನೂರು ಮೆಗಾಬೈಟು ತೂಗುತ್ತದೆ. ಇನ್ನೊಂದು ಕೇಳುಗರಿಗೆ ಕೊಡುವ ಹಗುರವಾದ ಪ್ರತಿ, ಸಪ್ಪಳ ತೆಗೆಯುವ ಕೆಲಸವೇನಿದ್ದರೂ ಇಲ್ಲಿ. ಆ ಕೆಲಸದಲ್ಲಿಯೂ ಸಂಯಮ ಬೇಕು: ತಂಬೂರಿಯ ಜೀವಾಳದ ಝೇಂಕಾರ, ಪಿಟೀಲಿನ ಕಮಾನಿನ ಉಸಿರು, ಮೃದಂಗದ ಛಾಪಿನ ಅಂಚು ಇವು ಯಂತ್ರದ ಕಿವಿಗೆ ಸಪ್ಪಳದ ಹಾಗೆಯೇ ಕೇಳುತ್ತವೆ. ಅಂತರ್ಜಾಲದಲ್ಲಿ ಹರಿದಾಡುವ ‘ಶುದ್ಧಗೊಳಿಸಿದ’ ಹಳೆಯ ಮುದ್ರಿಕೆಗಳಲ್ಲಿ ಬಹಳಷ್ಟು ನೀರಿನೊಳಗಿಂದ ಹಾಡಿದಂತೆ ಕೇಳುವುದು ಈ ಅತಿಶುದ್ಧಿಯಿಂದ. ಗರಗರದ ನಡುವೆ ದನಿಯನ್ನು ಹುಡುಕಿಕೊಳ್ಳುವ ಶಕ್ತಿ ಮನುಷ್ಯನ ಕಿವಿಗಿದೆ; ಅಳಿಸಿಹೋದ ದನಿಯನ್ನು ಕಲ್ಪಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೂ, ಹೆಸರಿಡುವ ಕೆಲಸ ನಡೆಯದಿದ್ದರೆ ಕಡತ ಕಂಡವರಿಲ್ಲದೆ ಉಳಿಯುತ್ತದೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಎಚ್.ಎಂ.ವಿ.ಗೆ ಹಾಡಿದ ಮೊದಲ ತಟ್ಟೆಗಳು ಹೊರಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಆ ತಟ್ಟೆಗಳ ದನಿ ತೆಳುವಾದ, ಎತ್ತರದ, ಹೆಣ್ಣುಕಂಠದ ದನಿ; ನಾಡು ಮುಂದೆ ತಲೆಬಾಗಿ ಕೇಳಿದ ಆ ಗಂಭೀರವಾದ, ಗಂಡಸರ ಕಂಠಕ್ಕೆ ಹತ್ತಿರವಾದ ದನಿ ಅವರಿಗೆ ಬಂದದ್ದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ. ಹೆಸರೂ ಬೇರೆ, ದನಿಯೂ ಬೇರೆ ಆಗಿರುವಾಗ ಇಬ್ಬರೂ ಒಬ್ಬರೇ ಎಂದು ಯಾವ ಯಂತ್ರವೂ ತಾನಾಗಿ ತಿಳಿಯಲಾರದು. ಬಲ್ಲವರೊಬ್ಬರು ಸೂಚಿಯಲ್ಲಿ ಆ ಎರಡು ಹೆಸರುಗಳನ್ನು ಒಂದಕ್ಕೊಂದು ಕಟ್ಟಬೇಕು. ಕಡತದ ಬಗೆಗಿನ ಇಂಥ ವಿವರವನ್ನು ಗಣಕದ ಪರಿಭಾಷೆಯಲ್ಲಿ ಮೆಟಾಡೇಟಾ ಎನ್ನುತ್ತಾರೆ. ತಟ್ಟೆಯ ಲೇಬಲ್ಲಿನ ಚಿತ್ರವನ್ನೂ ಅದರ ಅಂಚಿನ ಖಾಲಿ ಜಾಗದಲ್ಲಿ ಕೆತ್ತಿದ ಅಚ್ಚಿನ ಸಂಖ್ಯೆಯನ್ನೂ ಇದರೊಂದಿಗೆ ಸೇರಿಸಬೇಕು, ಏಕೆಂದರೆ ಮುದ್ರಣ ಯಾವ ವರ್ಷ, ಯಾವ ಊರಿನಲ್ಲಿ ನಡೆಯಿತೆಂಬುದು ಹಲವು ಬಾರಿ ತಿಳಿಯುವುದು ಆ ಸಂಖ್ಯೆಯಿಂದ. ಲೇಬಲ್ಲಿನ ಮೇಲೆ ಕೆಲವು ಹೆಸರುಗಳ ಮುಂದೆ ಅಚ್ಚಾಗಿರುವ ‘ಅಮೆಚೂರ್’ ಎಂಬ ಒಂದು ಪದವೂ ದಾಖಲೆಯೇ: ಹಾಡಿದವರು ಗಾಯನವನ್ನೇ ಕುಲವೃತ್ತಿಯಾಗಿ ಉಳ್ಳ ಮನೆತನದವರಲ್ಲ ಎಂದು ಸಾರಲು ಆ ಪದವನ್ನು ಬಳಸುತ್ತಿದ್ದರು, ದೇವದಾಸಿಯರೂ ತವಾಯಫರೂ ಎದುರಿಸಿದ ಸಾಮಾಜಿಕ ತಿರಸ್ಕಾರದ ಚರಿತ್ರೆ ಅದರಲ್ಲಿ ಅಡಗಿದೆ. ಮುದ್ರಿಕೆಯ ಮಿತಿಯನ್ನೂ ವಿವರದಲ್ಲಿ ಹೇಳಬೇಕಾದದ್ದುಂಟು. ಹತ್ತು ಇಂಚಿನ ತಟ್ಟೆಯ ಒಂದು ಮುಖ ಮೂರು ಚಿಲ್ಲರೆ ನಿಮಿಷದ್ದು. ಮಲ್ಲಿಕಾರ್ಜುನ ಮನ್ಸೂರರ ಎಳವೆಯ ತಟ್ಟೆಯಲ್ಲಿ ಕೇಳುವ ರಾಗ ಬೈಠಕ್ಕಿನಲ್ಲಿ ಅವರು ಹಾಡುತ್ತಿದ್ದ ರಾಗದ ಸಾರವೇ ಹೊರತು ಅದರ ವಿಸ್ತಾರವಲ್ಲ.

ಸಂಗ್ರಹಗಳ ಪಯಣವೂ ವಿಚಿತ್ರ. ಜಯಚಾಮರಾಜ ಒಡೆಯರ ಬಳಿ 1950ರ ಹೊತ್ತಿಗೆ ಸುಮಾರು 20,000 ಮುದ್ರಿಕೆಗಳಿದ್ದವೆಂಬ ಅಂದಾಜಿದೆ. ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ತಮ್ಮ ರಚನೆಗಳನ್ನು ತಾವೇ ನುಡಿಸಿ ಮುದ್ರಿಸುವಂತಾದದ್ದು ಒಡೆಯರ ಪೋಷಣೆಯಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಆ ಕಾರ್ಯಕ್ರಮಕ್ಕೆ ಹಣದ ಭರವಸೆ ಕೊಟ್ಟವರೂ ಮೈಸೂರಿನ ಮಹಾರಾಜರೇ, ತಾವು ಹೋಗಲಾಗದುದರಿಂದ ಅದನ್ನು ಮುದ್ರಿಸಿ ಮೈಸೂರಿಗೆ ತರಿಸಿಕೊಳ್ಳಲು ಏರ್ಪಾಡು ಮಾಡಿದವರೂ ಅವರೇ. ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿ ಫುರ್ಟ್‌ವೆಂಗ್ಲರ್ ನಡೆಸಿಕೊಟ್ಟ ಆ ಸಂಜೆಯ ದನಿ ಮಸುಕಾಗಿಯಾದರೂ ಇಂದಿಗೂ ಕೇಳಸಿಗುತ್ತದೆ. ಒಂದೆರಡೇ ಪ್ರತಿ ಬೇಕಾದಾಗ ಆ ಕಾಲದಲ್ಲಿ ಬಳಸುತ್ತಿದ್ದುದು ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಮೆರುಗೆಣ್ಣೆಯಂಥ ಲೇಪ ಕೊಟ್ಟ ತಟ್ಟೆ. ವರ್ಷಗಳು ಕಳೆದಂತೆ ಲೇಪ ಕುಗ್ಗಿ, ಬಿರಿದು, ಹಪ್ಪಳದ ಹಾಗೆ ಏಳುತ್ತದೆ. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆಯೇ ವಿನಾ ಇಟ್ಟಲ್ಲಿ ನೂರು ವರ್ಷ ಇರುತ್ತದೆ. ಲೇಪದ ತಟ್ಟೆ ಇಟ್ಟಲ್ಲೇ ಸಾಯುತ್ತದೆ. ಡಿಜಿಟಲೀಕರಣದ ಸರದಿಯಲ್ಲಿ ಯಾವುದು ಮೊದಲು ಎಂಬುದನ್ನು ನಿರ್ಧರಿಸಬೇಕಾದದ್ದು ಕಲಾವಿದರ ಖ್ಯಾತಿಗಿಂತ ಮೊದಲು ಈ ಬಗೆಯ ಆಯುಷ್ಯ.

ಕಾನೂನಿನ ಮಟ್ಟಿಗೆ ಭಾರತ ಈ ವಿಷಯದಲ್ಲಿ ಸಾಕಷ್ಟು ಉದಾರ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಹಾಗಾಗಿ 1964ರವರೆಗೆ ಇಲ್ಲಿ ಪ್ರಕಟವಾದ ತಟ್ಟೆಗಳ ಮುದ್ರಣದ ಹಕ್ಕು 2025 ಹುಟ್ಟುವ ಹೊತ್ತಿಗೆ ಮುಗಿದಿತ್ತು. ಆದರೆ ತಟ್ಟೆಯೊಳಗಿನ ಸಾಹಿತ್ಯಕ್ಕೂ ಸ್ವರರಚನೆಗೂ ಬೇರೆ ಹಕ್ಕಿದೆ, ಅದು ಕರ್ತೃವಿನ ನಿಧನಾನಂತರ 60 ವರ್ಷ ಇರುತ್ತದೆ. ದಾಸರ ಪದಕ್ಕೆ ಇದು ತೊಡಕಲ್ಲ, ಇಪ್ಪತ್ತನೆಯ ಶತಮಾನದ ಕವಿಯ ಭಾವಗೀತೆಗೆ ತೊಡಕು. 1994ರವರೆಗೆ ಈ ಕಾಯಿದೆ ಸಂಗೀತಕೃತಿ ಎಂದರೆ ಬರೆದ ಅಥವಾ ಅಚ್ಚಾದ ಸ್ವರ ಎಂದೇ ವ್ಯಾಖ್ಯಾನಿಸಿತ್ತು, ಎಂದರೆ ಬಾಯಿಂದ ಬಾಯಿಗೆ ಸಾಗಿದ ನಮ್ಮ ಸಂಗೀತದ ಬಹುಭಾಗ ಕಾನೂನಿನ ಕಣ್ಣಿಗೆ ಕೃತಿಯೇ ಆಗಿರಲಿಲ್ಲ. ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು 2012ರ ತಿದ್ದುಪಡಿ ಸ್ಪಷ್ಟವಾದ ಅನುಮತಿ ನೀಡಿದೆ. ಅಂಜಿಕೆಯ ನೆಪ ಹೇಳಿ ತಟ್ಟೆಗಳನ್ನು ಬೀಗದೊಳಗೆ ಇಡುವುದಕ್ಕೆ ಈಗ ಹೆಚ್ಚು ಕಾರಣಗಳಿಲ್ಲ.

ಕಾನೂನು ಮುಗಿದಲ್ಲಿ ಋಣ ಮುಗಿಯುವುದಿಲ್ಲ ಎಂಬುದನ್ನು ಜಾನಪದ ಮುದ್ರಿಕೆಗಳು ನೆನಪಿಸುತ್ತವೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರ ಸುಮಾರಿಗೆ ತಮಿಳು ನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ ಹಾಡು, ವಾದ್ಯ, ಆಚರಣೆಗಳನ್ನು ಮುದ್ರಿಸಿಕೊಂಡಿದ್ದರು. ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿಗಳು 1984ರಲ್ಲಿ ಅದೇ ಮುದ್ರಿಕೆಗಳನ್ನು ಹೊತ್ತು ಅದೇ ದಾರಿಯಲ್ಲಿ ಮರಳಿ ಬಂದು, ಆ ಹಾಡುಗಳ ವಾರಸುದಾರರನ್ನು ಹುಡುಕಿ ಅವರಿಗೆ ಅವನ್ನು ಕೇಳಿಸಿದರು. ಏನು ಉಳಿದಿದೆ, ಏನು ಬದಲಾಗಿದೆ ಎಂಬುದನ್ನು ಹಾಡುವವರ ಬಾಯಿಂದಲೇ ದಾಖಲಿಸಿದರು. ಸಾರ್ವಜನಿಕ ಪ್ರವೇಶವೆಂಬ ಮಾತಿನಲ್ಲಿ ಆ ‘ಸಾರ್ವಜನಿಕ’ರ ಪೈಕಿ ಮೊದಲಿಗರು ಯಾರು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಕೆಲಸ ಮತ್ತೊಂದು ವಿರಳ. ಅಂತರ್ಜಾಲದ ಪ್ರವೇಶವೂ ಶಾಶ್ವತವಲ್ಲ. 1935ರಿಂದ 1955ರವರೆಗೆ ಮುಂಬಯಿಯಲ್ಲಿ ತಯಾರಾದ ‘ಯಂಗ್ ಇಂಡಿಯಾ’ ತಟ್ಟೆಗಳನ್ನು ಭಾರತೀಯ ಸಂಗ್ರಾಹಕರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಯೋಜನೆಯೊಂದರ ನೆರವಿನಿಂದ ಡಿಜಿಟಲ್ ರೂಪಕ್ಕೆ ತಂದರು, ಅವು ಆ ಗ್ರಂಥಾಲಯದ ತಾಣದಲ್ಲಿ ಜಗತ್ತಿಗೆಲ್ಲ ಕೇಳಸಿಗುತ್ತಿದ್ದವು. 2023ರ ಅಕ್ಟೋಬರಿನ ಸೈಬರ್ ದಾಳಿಯಿಂದ ಆ ಗ್ರಂಥಾಲಯದ ಸೇವೆಗಳು ಕುಸಿದಾಗ ಅದರ ಧ್ವನಿಸಂಗ್ರಹ ತಿಂಗಳುಗಟ್ಟಲೆ ಮೌನವಾಯಿತು. ಒಂದೇ ಪ್ರತಿಯನ್ನು ಒಂದೇ ಊರಿನಲ್ಲಿ ಇಡಬಾರದೆಂಬ, ಓಲೆಗರಿಯ ಲಿಪಿಕಾರರು ಬಲ್ಲ ನಿಯಮ ಗಣಕಕ್ಕೂ ಅನ್ವಯಿಸುತ್ತದೆ.

ಸದ್ಯಕ್ಕೆ ಅತ್ಯಂತ ಅವಸರದಲ್ಲಿರುವುದು ತಟ್ಟೆಯೂ ಅಲ್ಲ, ಗರಿಯೂ ಅಲ್ಲ, ಟೇಪು. ಸ್ಪೂಲ್ ಮತ್ತು ಕ್ಯಾಸೆಟ್ಟುಗಳನ್ನು ನುಡಿಸುವ ಯಂತ್ರಗಳೂ ಅವುಗಳ ಬಿಡಿಭಾಗಗಳೂ ಅವನ್ನು ರಿಪೇರಿ ಮಾಡಬಲ್ಲವರೂ ಕಣ್ಮರೆಯಾಗುತ್ತಿರುವುದರಿಂದ, ಟೇಪುಗಳಲ್ಲಿರುವುದನ್ನು 2025ರ ಆಸುಪಾಸಿನೊಳಗೆ ಉಳಿಸಿಕೊಳ್ಳದಿದ್ದರೆ ಬಹುಪಾಲು ಕಳೆದುಹೋಗುತ್ತದೆಂದು ಯುನೆಸ್ಕೊ ಮತ್ತು ಐಎಎಸ್ಎ ಸೇರಿ ಎಚ್ಚರಿಸಿದ್ದವು. ಆ ಗಡುವು ಬಂದೇ ಬಿಟ್ಟಿದೆ. ಕೆಲವು ಟೇಪುಗಳ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ, ಅಂಥವನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇರಿಸಿ ಒಣಗಿಸಿದ ಮೇಲೆ ಸ್ವಲ್ಪ ಕಾಲದ ಮಟ್ಟಿಗಷ್ಟೇ ನುಡಿಸಬಹುದು. ಮತ್ತೆ ಕೆಲವು ಹುಳಿವಾಸನೆ ಹೊಮ್ಮಿಸುತ್ತ ಮುರುಟುತ್ತವೆ. ಕರ್ನಾಟಕದಲ್ಲಿ ರಾಮನವಮಿಯ ಪೆಂಡಾಲುಗಳ ಕಛೇರಿ, ಧಾರವಾಡ-ಹುಬ್ಬಳ್ಳಿಯ ಮನೆಯ ಬೈಠಕ್ಕು, ಕರಾವಳಿಯ ಇರುಳಿಡೀ ನಡೆದ ಯಕ್ಷಗಾನದ ಆಟ ಇವು ದೊಡ್ಡ ಸಂಸ್ಥೆಗಳಿಗಿಂತ ಹೆಚ್ಚಾಗಿ ಉಳಿದಿರುವುದು ರಸಿಕರು ತಮ್ಮ ಸಂತೋಷಕ್ಕೆಂದು ಮಾಡಿಕೊಂಡ ಇಂಥ ಟೇಪುಗಳಲ್ಲಿ. ಆ ಟೇಪಿನ ಡಬ್ಬಿಯ ಮೇಲೆ, ಪೆನ್ಸಿಲಿನಲ್ಲೋ ಮಸುಕಾದ ಶಾಯಿಯಲ್ಲೋ, ಯಾರು ಹಾಡಿದರು, ಪಿಟೀಲು ಯಾರದು, ಮೃದಂಗ ಯಾರದು, ಯಾವ ಊರು, ಯಾವ ದಿನ ಎಂದು ಬರೆದಿರುತ್ತಾರೆ. ಟೇಪಿನ ದನಿಯನ್ನು ಕಡತಕ್ಕೆ ಇಳಿಸಿ ಮುಗಿಯಿತೆಂದು ಡಬ್ಬಿಯನ್ನು ಎಸೆಯುವ ಮೊದಲು ಆ ಮುಚ್ಚಳದ ಚಿತ್ರವನ್ನೂ ತೆಗೆದಿಡಬೇಕು, ಬರೆದವರು ಬದುಕಿರುವಾಗಲೇ ಆ ಅಕ್ಷರಗಳನ್ನು ಅವರಿಂದ ಓದಿಸಿಕೊಳ್ಳಬೇಕು.